ನಾಲ್ಕನೇ ಡಬ್ಬಿಯ ಹಸಿರು

ಬೀದಿಗೆಲ್ಲ ಅವನು ಬಣ್ಣದಂಗಡಿ ಮಾವ. ಬಟ್ಟೆಯ ಚೂರು ತೋರಿಸಿದರೆ ಸಾಕು, ಅದೇ ಬಣ್ಣ ಕಲಸಿ ಕೊಡುತ್ತಿದ್ದ. ಆ ಜಂಬವೂ ಇತ್ತು.

ಹಾಸಿಗೆ ಹಿಡಿದ ಅಜ್ಜಿಯೊಬ್ಬಳ ಕಿಟಕಿಯ ಮುಂದಿನ ಮರ ಕಡಿದಾಗ, ಅವಳ ಮಗಳು ಅದರ ಎಲೆ ತಂದು ಗೋಡೆಗೆ ಅದೇ ಹಸಿರು ಕೇಳಿದಳು. ಮಾವ ಮೂರು ಡಬ್ಬಿ ಕಲಸಿ ಬಳಿದ. ಮೂರಕ್ಕೂ ಅಜ್ಜಿ, "ಇದಲ್ಲಪ್ಪ," ಎಂದಳು.

ರೇಗಿಹೋದ ಮಾವ ಮಂಚದ ಪಕ್ಕ ನೆಲದ ಮೇಲೆ ಅಂಗಾತ ಮಲಗಿ, ಎಲೆಯನ್ನು ಬಿಸಿಲಿಗೆ ಹಿಡಿದ. ಅಜ್ಜಿ ಇಷ್ಟು ವರ್ಷ ನೋಡಿದ್ದು ಎಲೆಯ ಬೆನ್ನನ್ನು, ಅದರೊಳಗಿಂದ ಸೋಸಿ ಬರುವ ಬೆಳಕನ್ನು. ಎಷ್ಟು ಹೊತ್ತು ಹಾಗೇ ಮಲಗಿದ್ದನೋ, ಅವನಿಗೇ ತಿಳಿಯಲಿಲ್ಲ.

ಮರುದಿನ ನಾಲ್ಕನೇ ಡಬ್ಬಿ ತಂದು ಕಿಟಕಿಯಲ್ಲಿಟ್ಟ. ಒಳಗೆ ಮಣ್ಣಿತ್ತು, ಅದೇ ಜಾತಿಯ ಮರದ ನಾಲ್ಕೆಲೆಯ ಸಸಿಯಿತ್ತು. ಎಲೆಯಿಂದಿಳಿದ ಹಸಿರು ಬೆಳಕು ಅಜ್ಜಿಯ ಹೊದಿಕೆಯ ಮೇಲೆ ತೂಗಾಡಿತು.

"ಈಗ ಸರಿಯಾಗಿ ಕಲಸಿದೀಯ ನೋಡು," ಎಂದಳು ಅಜ್ಜಿ.