ಬೆಂಕಿಬೆಟ್ಟದ ಉಗಿಯಲ್ಲಿ ರವೆ ಇಡ್ಲಿ

ಮಗಳು ಆ ಪ್ರವಾಸಕ್ಕೆ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕುಕ್ಕರ್ ಬರಕೂಡದು. ಅವಳಿಗೆ ಕಾರಣವಿತ್ತು. ಅವಳು ಮಿಡಲ್ ಸ್ಕೂಲಿನಲ್ಲಿದ್ದಾಗ ಡಾಲಸ್ಸಿನ ಒಂದು ಹೋಟೆಲ್ ಕೋಣೆಯಲ್ಲಿ ನಾನು ಕುಕ್ಕರಿನ ಬೇಳೆಗೆ ಒಗ್ಗರಣೆ ಹಾಕಿ, ಸ್ಮೋಕ್ ಅಲಾರಂ ಕೂಗಿ, ಇಡೀ ಹೋಟೆಲಿನವರು ಪೈಜಾಮದಲ್ಲಿ ಪಾರ್ಕಿಂಗ್ ಲಾಟಿಗೆ ಇಳಿದಿದ್ದರು. ಆ ಗುಂಪಿನಲ್ಲಿ ಅವಳ ಕ್ಲಾಸಿನ ಹುಡುಗನೊಬ್ಬನಿದ್ದ. ಸಾಸಿವೆ ಚಟಪಟ ಎಂದರೆ ಅವಳು ಇವತ್ತಿಗೂ ನನ್ನ ಕಡೆ ಒಂದು ಥರ ನೋಡುತ್ತಾಳೆ.

ಆ ಬೇಸಿಗೆ ಮುಗಿಯುತ್ತಲೇ ಅವಳು ಕಾಲೇಜಿಗೆಂದು ಆಸ್ಟಿನ್ನಿಗೆ ಹೊರಡುವವಳಿದ್ದಳು. "ದಿಸ್ ಈಸ್ ಮೈ ಲಾಸ್ಟ್ ಫ್ಯಾಮಿಲಿ ಟ್ರಿಪ್, ಅಮ್ಮ," ಎಂದು ಹಲ್ಲುಜ್ಜುತ್ತಾ ಹೇಳಿದಳು, ಹಾಲು ಖಾಲಿಯಾಗಿದೆ ಎಂದು ಹೇಳುವ ಹಾಗೆ. ಹೂಸ್ಟನ್ನಿನ ನಮ್ಮ ಮನೆಯಿಂದ ಆಸ್ಟಿನ್ ಬೆಳಗಿನ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಸಿಗುವ ಊರು. ಆದರೂ ಆ 'ಲಾಸ್ಟ್' ಎಂಬ ಮಾತು ನನ್ನ ಕಿವಿಯಿಂದ ಹೋಗಲಿಲ್ಲ. ಈ ಒಂದು ಸಲ ಅವಳು ನಮ್ಮ ಪಕ್ಕದಲ್ಲಿ ನಾಚಿಕೆಯಿಲ್ಲದೆ ನಡೆಯಬೇಕು, ನನಗೆ ಬೇಕಾಗಿದ್ದು ಅಷ್ಟೇ. ಕುಕ್ಕರ್ ತರುವುದಿಲ್ಲ ಎಂದು ದೇವರ ಮನೆಯ ಮುಂದೆ ನಿಂತು ಆಣೆ ಮಾಡಿದೆ.

ಆಣೆ ಮುರಿಯಲಿಲ್ಲ. ಕುಕ್ಕರ್ ಹೂಸ್ಟನ್ನಿನಲ್ಲೇ ಉಳಿಯಿತು. ಆದರೆ ಅದರೊಳಗಿನ ಇಡ್ಲಿ ಸ್ಟ್ಯಾಂಡ್ ಕುಕ್ಕರ್ ಅಲ್ಲವಲ್ಲ. ಅದನ್ನು ಟವೆಲಿನಲ್ಲಿ ಸುತ್ತಿದೆ. ಹಿಲ್‌ಕ್ರಾಫ್ಟ್‌ ಬೀದಿಯ ಇಂಡಿಯನ್ ಅಂಗಡಿಯಿಂದ ತಂದ ರವೆಯನ್ನು ಸಾಸಿವೆ, ಗೋಡಂಬಿಯ ಜೊತೆ ಹುರಿದು ಜಿಪ್‌ಲಾಕ್ ಚೀಲಕ್ಕೆ ತುಂಬಿದೆ. ಅವಳು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುವವಳು.

ದ್ವೀಪ ನನ್ನ ಗಂಡನ ಆಯ್ಕೆ. ಹುಬ್ಬಳ್ಳಿಯ ಈ ಮನುಷ್ಯ ಹೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿರುವ ತೈಲ ಕಂಪನಿಯ ಆಫೀಸಿನಲ್ಲಿ ಕೂತು ನೆಲದಡಿಯ ಬಂಡೆಗಳನ್ನು ಸ್ಕ್ರೀನಿನಲ್ಲಿ ನೋಡುತ್ತಲೇ ತಲೆಗೂದಲು ಕಳೆದುಕೊಂಡವರು. ಒಮ್ಮೆಯಾದರೂ ಬಿಸಿ ನೆಲವನ್ನು ಕೈಯಿಂದ ಮುಟ್ಟಬೇಕೆಂದು ಹಟ ಹಿಡಿದು, ಸಿಸಿಲಿಗೂ ಆಫ್ರಿಕಾಗೂ ನಡುವೆ ಸಮುದ್ರದಲ್ಲಿ ಕೂತಿರುವ ಪ್ಯಾಂಟೆಲೆರಿಯಾ ಎಂಬ ಜ್ವಾಲಾಮುಖಿ ದ್ವೀಪಕ್ಕೆ ನಮ್ಮನ್ನು ಎಳೆದುಕೊಂಡು ಹೋದರು. ಕಪ್ಪು ಕಲ್ಲು, ನೀಲಿ ನೀರು, ಸೆರಗು ನಿಲ್ಲದಷ್ಟು ಗಾಳಿ. ಚೆಂದದ ಊರು, ಸುಳ್ಳು ಹೇಳುವುದಿಲ್ಲ.

ಆದರೆ ಊಟ! ಎಲ್ಲಿ ನೋಡಿದರೂ ಮೀನು. ಮೀನು ಬೇಡ ಎಂದರೆ ಆಲೂಗೆಡ್ಡೆ, ಟೊಮೆಟೊ, ಅದರ ಮೇಲೆ ಉಪ್ಪಿನಲ್ಲಿ ಊರಿಸಿದ ಯಾವುದೋ ಗಿಡದ ಮೊಗ್ಗು. ಮೊದಲ ದಿನ ಆಹಾ ಎಂದೆವು. ಆಮೇಲೆ ಸುಮ್ಮನೆ ತಿಂದೆವು. ನಾವಿಳಿದ ಮನೆಗೆ ಸಮುದ್ರದ ನೋಟವಿತ್ತು, ಅಡುಗೆಮನೆಯಲ್ಲಿ ಒಂದು ಚಪ್ಪಟೆ ಬಾಣಲೆ ಬಿಟ್ಟು ಬೇರೆ ಪಾತ್ರೆಯಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ.

ಮಗಳು ಸ್ನಾನಕ್ಕೆ ಹೋದಾಗ ಗಂಡ ಪಿಸುಗುಟ್ಟಿದರು. "ಮ್ಯಾಲೆ ಗುಡ್ಡದಾಗ ನೆಲದಿಂದ ಉಗಿ ಬರಾಕತ್ತೈತಿ. ಪುಕ್ಕಟ ಉಗಿ. ನೀ ಸ್ಟ್ಯಾಂಡ್ ತಂದಿ ಅಂತ ನಂಗ ಗೊತ್ತೈತಿ."

"ರೀ, ಅವಳಿಗೆ ಗೊತ್ತಾದ್ರೆ ಮುಗೀತು."

"ಆಕಿ ಮುಂದ ಮುಂದ ಹೊಕ್ಕಾಳ. ಹಿಂದ ನೋಡೂದಿಲ್ಲ."

ಹೀಗೆ ನಾವಿಬ್ಬರೂ ಹಸಿವಿಗೆ ಬಿದ್ದು ಮಾನ ಬಿಟ್ಟೆವು. ಅಂಗಡಿಯ ಮೊಸರಿನ ಡಬ್ಬಿಯಲ್ಲೇ ರವೆ ಕಲಸಿ, ಚಿಟಿಕೆ ಸೋಡಾ ಹಾಕಿ, ಡಬ್ಬಿಯನ್ನು ಬ್ಯಾಗಿಗೆ ಇಳಿಸಿ ಮಗಳ ಹಿಂದೆ ಗುಡ್ಡ ಹತ್ತಿದೆವು. ಬಂಡೆಗಳ ಸಂದಿಯಿಂದ ನಿಜಕ್ಕೂ ಬುಸುಬುಸು ಉಗಿ ಬರುತ್ತಿತ್ತು. ಗಂಡ ಬೆಚ್ಚಗಿನ ಬಂಡೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಬಹಳ ವರ್ಷಗಳ ಆಸೆ, ಕಣ್ಣಲ್ಲಿ ನೀರೇ ಬಂದಿತ್ತು. ಆಮೇಲೆ ಕಣ್ಣು ಒರೆಸಿಕೊಂಡು, "ತಟ್ಟೆಗೆ ಎಣ್ಣಿ ಸವರೀಯೇನ?" ಎಂದರು.

ಹಿಟ್ಟು ಹೊಯ್ದ ಸ್ಟ್ಯಾಂಡನ್ನು ಸಂದಿಯ ಬಾಯಿಗಿಟ್ಟು ಟವೆಲ್ ಮುಚ್ಚಿ, ಹಾರಿಹೋಗದಂತೆ ಸುತ್ತ ಕಲ್ಲಿಟ್ಟು, ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಆಗ ಮಗಳು ಹಿಂದೆ ತಿರುಗಿ ನೋಡಿದಳು.

ಅವಳು ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಯು ಪ್ರಾಮಿಸ್ಡ್," ಎಂದು ಮೆಲ್ಲಗೆ ಹೇಳಿ, ಕಪ್ಪು ಕನ್ನಡಕ ಹಾಕಿಕೊಂಡು ದೂರದ ಬಂಡೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತಳು. ಕುಕ್ಕರ್ ಅಲ್ಲ ಕಣೇ, ಸ್ಟ್ಯಾಂಡು ಎನ್ನುವ ವಾದ ನನಗೇ ಸಣ್ಣದೆನಿಸಿತು. ಕೊನೆಯ ಪ್ರವಾಸವನ್ನೂ ಕೆಡಿಸಿದೆನಲ್ಲ ಎಂದು ನನಗೆ ಅಳು ಬಂತು. ಉಗಿ ಬಡಿಯಿತು ಎನ್ನುವ ನೆಪದಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡೆ.

ಅಷ್ಟರಲ್ಲಿ ಬೆನ್ನಿಗೆ ಚೀಲ ಹೊತ್ತ ವಯಸ್ಸಾದ ದಂಪತಿಗಳಿಬ್ಬರು ಗುಡ್ಡ ಹತ್ತಿ ಬಂದರು. ಯಾವ ದೇಶದವರೋ, ತುಂಬ ಗಂಭೀರ ಜನ. ಉಗಿ, ಟವೆಲ್, ಅದರ ಮುಂದೆ ಕಣ್ಣೀರು ಸುರಿಸುತ್ತ ಕೂತ ನಾವು. ಇಲ್ಲೇನು ನಡೆಯುತ್ತಿದೆ ಎಂದು ಆಕೆ ಇಂಗ್ಲಿಷಿನಲ್ಲಿ ನನ್ನ ಗಂಡನನ್ನು ಕೇಳಿದರು. ಅವರು ಟವೆಲಿನ ಅಂಚಿಗೆ ಇನ್ನೊಂದು ಕಲ್ಲಿಟ್ಟರು.

ಹಿಂದಿನಿಂದ ಮಗಳ ದನಿ ಬಂತು. ಯಾವಾಗ ಎದ್ದು ಬಂದಳೋ ಗೊತ್ತಿಲ್ಲ. ಕನ್ನಡಕ ತೆಗೆದು, ನಮ್ಮಿಬ್ಬರ ನಡುವೆ ನಿಂತು, ಮ್ಯೂಸಿಯಂ ಗೈಡಿನ ಹಾಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಇದು ನಮ್ಮವರಲ್ಲಿ ಬಹಳ ಹಳೆಯ ಸಂಪ್ರದಾಯ. ಮಗಳು ಓದಲು ಮನೆ ಬಿಟ್ಟು ಹೊರಡುವ ಮೊದಲು ತಾಯಿ ಬೆಂಕಿಬೆಟ್ಟದ ಉಗಿಯಲ್ಲಿ ಅನ್ನ ಬೇಯಿಸಲೇಬೇಕು. ನಾನೇ ಆ ಮಗಳು ಎಂದಳು.

ಎಲ್ಲಾ ಬುರುಡೆ. ನನ್ನ ಗಂಡ ಪುರೋಹಿತರಂತೆ ತಲೆಯಾಡಿಸಿದರು. ಆ ದಂಪತಿಗಳು ಟೋಪಿ ತೆಗೆದು ಎದೆಗೊತ್ತಿಕೊಂಡು, ಮುಂದಿನ ವಿಧಿ ನೋಡಲು ಕಾದು ನಿಂತರು. ಮುಂದಿನ ವಿಧಿ ಏನೆಂದು ಮಗಳೂ ಯೋಚಿಸಿರಲಿಲ್ಲ. ನಾನು ಟವೆಲ್ ಸರಿಸಿ ಒಂದು ಇಡ್ಲಿ ಎಬ್ಬಿಸಿದೆ. ಬದಿಯೆಲ್ಲ ಬೂದು ಬಣ್ಣ, ಗೀರಿದ ಬೆಂಕಿಕಡ್ಡಿಯ ವಾಸನೆ.

"ಈಗ ಅಮ್ಮ ಕೈಯಾರೆ ತಿನ್ನಿಸಬೇಕು," ಎಂದಳು ಅವಳು, ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದನ್ನು ಮರೆತು, ಕನ್ನಡದಲ್ಲಿ.

ಪುಟ್ಟವಳಾಗಿದ್ದಾಗ ನನ್ನ ಕೈ ತಳ್ಳಿ ಚಮಚ ಹಿಡಿದ ಮೇಲೆ ಅವಳಿಗೆ ನಾನು ತುತ್ತು ಕೊಟ್ಟಿದ್ದಿಲ್ಲ. ಎಲ್ಲರೆದುರಿಗೆ ನನ್ನ ಮುಂದೆ ಮಂಡಿಯೂರಿ ಬಾಯಿ ತೆರೆದಳು. ತುಂಡು ಮುರಿದು ಇಟ್ಟೆ. ಒಳಗೆ ಹಸಿ ಹಿಟ್ಟು, ನನ್ನ ಬೆರಳಿಗೇ ಅಂಟಿತು. ಅವಳು ಮುಖ ಸ್ವಲ್ಪವೂ ಕೆಡಿಸಿಕೊಳ್ಳದೆ ನುಂಗಿ, ಇನ್ನೊಂದು ತುತ್ತಿಗೆ ಬಾಯಿ ತೆರೆದಳು.