ಬೈಂಡ್ ಹಾಕಿದ ನೆಮ್ಮದಿ

ಐರ್ಲೆಂಡಿನ ಡಾಕ್ಟರುಗಳಿಗೆ ರೋಗಿಯನ್ನು ಹೆದರಿಸಿ ಗೊತ್ತಿಲ್ಲ. ಕೈ ಮುರಿದುಕೊಂಡು ಹೋದರೂ ‘ಗ್ರ್ಯಾಂಡ್’, ಅಂದರೆ ಎಲ್ಲ ಚೆನ್ನಾಗಿದೆ, ಎನ್ನುತ್ತಾರೆ. ಅಂಥವರೊಬ್ಬರು ನನ್ನ ತೋಳಿಗೆ ಪಟ್ಟಿ ಸುತ್ತಿ, ಬಿಪಿ ನೋಡಿ, ಆ ಮಾತು ಹೇಳದೆ ಸುಮ್ಮನಾದಾಗ ಎದೆ ಧಸಕ್ಕೆಂದಿತು.

ಮಾತ್ರೆ ಈಗಲೇ ಬೇಡ, ಕೆಲವು ತಿಂಗಳು ಮನಸ್ಸನ್ನು ತಣ್ಣಗಿಟ್ಟು ನೋಡೋಣ ಎಂದರು. ದಿನಾ ಅರ್ಧ ಗಂಟೆ ಏನಾದರೂ ಓದಿ, ಓದಿನಷ್ಟು ನೆಮ್ಮದಿ ಬೇರೆ ಇಲ್ಲ ಎಂದರು. ನಾನು ಗೋಣು ಹಾಕಿದೆ. ನಮ್ಮ ಮನೆತನದಲ್ಲಿ ಬಿಪಿ ಮಾತ್ರೆ ಹಿಡಿದವರು ಯಾರೂ ಅದನ್ನು ಬಿಟ್ಟದ್ದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ನಮ್ಮ ಅತ್ತೆಯಂದಿರು ಉಪ್ಪಿನಕಾಯಿಯ ಪಕ್ಕದಲ್ಲಿ ಮಾತ್ರೆಯ ಡಬ್ಬಿ ಇಟ್ಟುಕೊಂಡೇ ಕೂರುತ್ತಿದ್ದರು. ಆ ಪಂಕ್ತಿಗೆ ನಾನು ಸೇರಬಾರದು ಎಂಬುದೊಂದೇ ನನ್ನ ಹಟ.

ನನಗೆ ಅರ್ಧ ಗಂಟೆ ಸಿಗುವುದು ಟ್ರಾಮ್‌ನಲ್ಲಿ ಮಾತ್ರ. ಬೆಳಿಗ್ಗೆ ಪೇಟೆಯ ಕಡೆಯಿಂದ ರೆಡ್ ಲೈನ್ ಟ್ರಾಮ್ ಹತ್ತಿದರೆ ಟಾಲಾದ ಕೊನೆಯ ಸ್ಟಾಪಿನವರೆಗೆ ಕೂರಬಹುದು, ನನ್ನ ಆಫೀಸು ಅಲ್ಲೇ. ಮೈಸೂರಿನಿಂದ ಹೊತ್ತು ತಂದು ವರ್ಷಗಟ್ಟಲೆ ಮುಟ್ಟದಿದ್ದ ಒಂದು ದಪ್ಪ ಕಾದಂಬರಿಯನ್ನು ಚೀಲಕ್ಕೆ ಹಾಕಿಕೊಂಡು ನೆಮ್ಮದಿಯನ್ನು ಹುಡುಕಿ ಹೊರಟೆ.

ಡಾಕ್ಟರಿಗೆ ನಮ್ಮವರ ವಿಷಯ ಗೊತ್ತಿರಲಿಲ್ಲ, ಪಾಪ. ಈ ಊರಿನ ಟ್ರಾಮ್‌ನಲ್ಲಿ ಕನ್ನಡ ಪುಸ್ತಕ ಬಿಡಿಸುವುದೂ ‘ವಿಚಾರಣೆಗೆ ಇಲ್ಲಿ ಸಂಪರ್ಕಿಸಿ’ ಎಂಬ ಬೋರ್ಡನ್ನು ಕೊರಳಿಗೆ ನೇತುಹಾಕಿಕೊಳ್ಳುವುದೂ ಒಂದೇ.

“ಕನ್ನಡದೋರಾ ಮೇಡಂ?” ಎನ್ನುತ್ತ ಮೊದಲ ದಿನವೇ ಒಬ್ಬರು ಪಕ್ಕಕ್ಕೆ ಬಂದು ಕೂತರು. “ಮೈಸೂರಾ? ಮೈಸೂರಲ್ಲಿ ಎಲ್ಲಿ?” ಇಳಿಯುವ ಹೊತ್ತಿಗೆ ನನ್ನ ಓರಗಿತ್ತಿಯ ಅಣ್ಣನೂ ಅವರ ಭಾವಮೈದುನನೂ ಒಂದೇ ಕಾಲೇಜು ಎಂಬುದು ಸಾಬೀತಾಗಿತ್ತು. “ಎಲ್ಲಾದ್ರೂ ಬಾಡಿಗೆಗೆ ಮನೆ ಇದ್ರೆ ಹೇಳಿ ಮೇಡಂ, ಟೂ ಬೆಡ್ ಸಾಕು,” ಎಂದರು. ಬಾಡಿಗೆ ಮನೆ ನನ್ನ ಕೈಯಲ್ಲಿದ್ದರೆ ನಾನೇ ಅದರಲ್ಲಿ ಇರುತ್ತಿರಲಿಲ್ಲವೇ? ಮರುದಿನ ಇನ್ನೊಬ್ಬರು ರಾಜ್ಯೋತ್ಸವದ ನಾಟಕಕ್ಕೆ ನನ್ನನ್ನು ಅಜ್ಜಿಯ ಪಾತ್ರಕ್ಕೆ ಗೊತ್ತುಮಾಡಿಕೊಂಡು ಹೋದರು. ಆಮೇಲೆ ಮೊದಲಿನವರೇ ಹೆಂಡತಿಯ ರೆಸ್ಯೂಮೆ ಹಿಡಿದು ಬಂದರು. ಕಾದಂಬರಿಯ ನಾಯಕಿ ಮೊದಲನೆಯ ಪುಟದಲ್ಲಿ ಒಲೆಯ ಮೇಲೆ ಹಾಲಿಟ್ಟಿದ್ದಳು. ವಾರ ಕಳೆದರೂ ಅದು ಉಕ್ಕಿರಲಿಲ್ಲ. ಉಕ್ಕುತ್ತಿದ್ದವಳು ನಾನು.

ಕೊನೆಗೆ ಉಪಾಯ ಹೊಳೆಯಿತು. ಪಾರ್ಸೆಲ್ ಸುತ್ತಿ ಬಂದಿದ್ದ ಖಾಕಿ ಕಾಗದವನ್ನು ಬಿಡಿಸಿ, ಇಸ್ತ್ರಿ ಮಾಡಿ, ಪುಸ್ತಕಕ್ಕೆ ಬೈಂಡ್ ಹಾಕಿದೆ. ಚಿಕ್ಕಂದಿನಲ್ಲಿ ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಅಪ್ಪ ಕಲಿಸಿದ್ದಂತೆ ಮೂಲೆಗಳನ್ನು ತ್ರಿಕೋನವಾಗಿ ಒಳಕ್ಕೆ ಮಡಚಿದೆ. ಕೈ ಸುಮ್ಮನಿರಲಿಲ್ಲ, ಬಿಳಿ ಲೇಬಲ್ಲನ್ನೂ ಅಂಟಿಸಿತು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಟ್ಯಾಕ್ಸ್’ ಎಂದು ಬರೆದೆ. ಟ್ಯಾಕ್ಸ್ ಓದುವವರನ್ನು ಯಾವ ದೇಶದಲ್ಲೂ ಯಾರೂ ಮಾತಾಡಿಸುವುದಿಲ್ಲ. ಇಲ್ಲೇ ಹುಟ್ಟಿದ ಮಗಳು ಅದನ್ನು ನೋಡಿ, “ಅಮ್ಮಾ, ವಾಟ್ ಕ್ಲಾಸ್ ಆರ್ ಯು ಇನ್?” ಎಂದು ಕೇಳಿ ತನ್ನ ಕೋಣೆಗೆ ಹೋದಳು.

ಉಪಾಯ ಫಲಿಸಿತು. ಮನೆ ಕೇಳಿದವರಿಗೆ ಗುರುತಿದ್ದದ್ದು ಪುಸ್ತಕವೇ ಹೊರತು ನನ್ನ ಮುಖವಲ್ಲ, ಗುರುತಿಸದೆ ದಾಟಿಹೋದರು. ಹಾಲು ಉಕ್ಕಿತು, ನಾಯಕಿಗೆ ಮದುವೆಯಾಯಿತು, ಅವಳ ಅತ್ತೆಯ ಬೈಗುಳಗಳಿಗೆ ನಾನು ಒಬ್ಬಳೇ ನಗತೊಡಗಿದೆ. ನಿಜವಾಗಿಯೂ ಹಿತವಾಗಿತ್ತು. ಎದುರು ಸೀಟಿನಲ್ಲಿ ದಿನಾ ಒಬ್ಬಳು ಹುಡುಗಿ ತೊಡೆಯ ಮೇಲೆ ನೋಟ್ಸು ಇಟ್ಟುಕೊಂಡು ಕೂರುತ್ತಿದ್ದಳು, ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುತ್ತಿದ್ದಳು. ಮಲಯಾಳಿ ಎಂದುಕೊಂಡೆ. ಆಸ್ಪತ್ರೆಯ ಕೆಲಸಕ್ಕೆ ಹೋಗುವ ನಮ್ಮ ಬಣ್ಣದವರೆಲ್ಲ ಮಲಯಾಳಿಗಳೇ ಎಂಬುದು ಇಲ್ಲಿನ ಕನ್ನಡಿಗರ ಸಾಮಾನ್ಯ ಜ್ಞಾನ. ಅವಳಿಂದ ನನಗೆ ಅಪಾಯವಿರಲಿಲ್ಲ.

ಒಂದು ಸೋಮವಾರ ಬೇರೆ ಚೀಲ ತಂದಿದ್ದರಿಂದ ಪುಸ್ತಕ ಮನೆಯಲ್ಲೇ ಉಳಿಯಿತು. ಫೋನು ನೋಡುತ್ತ ಕೂತಿದ್ದೆ. ಹುಡುಗಿ ಬಂದು ಎದುರು ಕೂತಳು, ಪುಸ್ತಕವಿಲ್ಲದ ನನ್ನ ಮಡಿಲನ್ನೂ ಮುಖವನ್ನೂ ನೋಡಿದಳು. “ಆಂಟಿ, ಇವತ್ತು ಪುಸ್ತಕ ತರ್ಲಿಲ್ವಾ?” ಎಂದಳು.

ಅಚ್ಚ ಮಂಗಳೂರು ಕನ್ನಡ. ಆ ‘ಆಂಟಿ’ಗೆ ಏರಬೇಕಾದಷ್ಟು ಬಿಪಿ ಏರಿತು.

“ನಾನು ಕನ್ನಡದೋಳು ಅಂತ ನಿಂಗೆ ಹೇಗೆ ಗೊತ್ತಾಯ್ತು?” ಎಂದೆ.

“ಬೈಂಡ್ ನೋಡಿಯೇ. ಕಾದಂಬರಿಗೆ ಖಾಕಿ ಬೈಂಡ್ ಹಾಕಿ ಲೇಬಲ್ ಅಂಟಿಸುವವ್ರು ಇಲ್ಲಿ ಬೇರೆ ಯಾರು ಇದ್ದಾರೆ? ಪುಟ ತಿರುಗಿಸುವಾಗ ಅಕ್ಷರವೂ ಕಾಣ್ತದೆ.” ಆಮೇಲೆ ಮೆಲ್ಲಗೆ, “ಟ್ಯಾಕ್ಸ್ ಓದುವವ್ರು ಹಾಗೆ ನಗುದಿಲ್ಲ ಆಂಟಿ,” ಎಂದಳು.

ಇಷ್ಟು ದಿನ ಯಾಕೆ ಮಾತಾಡಿಸಲಿಲ್ಲ ಎಂದು ಕೇಳಿದೆ. ಯಾರೂ ಮಾತಾಡಿಸಬಾರದು ಎಂದೇ ಬೈಂಡ್ ಹಾಕಿದ್ದೀರಲ್ಲ, ಅಷ್ಟು ಅರ್ಥವಾಗುವುದಿಲ್ಲವೇ ಎಂದಳು. ಊರಿನಲ್ಲಿ ನರ್ಸ್ ಆಗಿದ್ದವಳು ಇಲ್ಲಿ ಸಹಾಯಕಿಯ ಕೆಲಸ ಮಾಡುತ್ತ ಈ ದೇಶದ ನರ್ಸ್ ಪರೀಕ್ಷೆಗೆ ಓದುತ್ತಿದ್ದಳು. ಒಂದು ಸಲ ಫೇಲಾಗಿತ್ತು. ಈ ಸಲ ಆಗದಿದ್ದರೆ ವಾಪಸು ಹೋಗಬೇಕು.

“ಬೆಳಿಗ್ಗೆ ಎದ್ರೆ ಅದೇ ಹೆದ್ರಿಕೆ,” ಎಂದಳು. “ಮನೆಯಲ್ಲಿ ಓದಿದ್ದು ಒಂದೂ ತಲೆಗೆ ಹೋಗುದಿಲ್ಲ. ನೀವು ಓದುದು ನೋಡ್ತಾ ಕೂತ್ರೆ ನಮ್ಮ ಶಾಲೆಯಲ್ಲಿ ಕೂತ ಹಾಗೆ ಆಗ್ತದೆ. ಒಂದು ಸಮಾಧಾನ. ಆಗ ನಾನೂ ಓದ್ತೇನೆ. ನಾಳೆ ಮರೀಬೇಡಿ.” ಆಸ್ಪತ್ರೆಯ ಸ್ಟಾಪು ಬಂತು, ಇಳಿದುಹೋದಳು.

ನೆಮ್ಮದಿಗಾಗಿ ಪುಸ್ತಕ ಹೊತ್ತವಳು ನಾನು, ಅದನ್ನು ಎದುರು ಸೀಟಿನಲ್ಲಿ ಕೂತು ಪುಕ್ಕಟೆಯಾಗಿ ಪಡೆಯುತ್ತಿದ್ದವಳು ಅವಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮರುದಿನ ಮರೆಯದಂತೆ ರಾತ್ರಿಯೇ ಪುಸ್ತಕವನ್ನು ಚೀಲಕ್ಕೆ ಹಾಕಿಟ್ಟೆ.

ಅಂದಿನಿಂದ ನನ್ನ ಓದು ಕೆಟ್ಟಿತು. ಪುಟವನ್ನು ಹದವಾಗಿ ತಿರುಗಿಸಬೇಕು, ತೀರಾ ಬೇಗ ತಿರುಗಿಸಿದರೆ ಅವಳಿಗೆ ಗಾಬರಿಯಾದೀತು. ಅವಳ ತುಟಿ ಅಲ್ಲಾಡುತ್ತಿದೆಯೇ, ಇವತ್ತಿನ ಪಾಠ ತಲೆಗೆ ಹೋಯಿತೇ ಎಂದು ಕದ್ದು ನೋಡಬೇಕು. ಕಾದಂಬರಿ ಮುಗಿದರೂ ಮತ್ತೆ ಮೊದಲಿನಿಂದ ಹಿಡಿದೆ, ಬೈಂಡ್ ಬದಲಾಗಬಾರದಲ್ಲ. ಹಾಲು ಎರಡನೆಯ ಸಲ ಉಕ್ಕಿತು.

ಡಾಕ್ಟರು ಮತ್ತೆ ಬರಲು ಹೇಳಿದ್ದ ದಿನ ಬಂತು. ಮತ್ತೆ ಪಟ್ಟಿ ಸುತ್ತಿದರು, ಈ ಸಲವೂ ‘ಗ್ರ್ಯಾಂಡ್’ ಎನ್ನಲಿಲ್ಲ. ಬಿಪಿ ಮೊದಲಿಗಿಂತ ಹೆಚ್ಚಾಗಿತ್ತು. ಹೇಳಿದಂತೆ ಓದಿದಿರಾ ಎಂದು ಕೇಳಿದರು. ದಿನಾ ಓದಿದ್ದೇನೆ ಎಂದೆ. ಹಾಗಾದರೆ ಮನೆಯಲ್ಲಿ ಏನಾದರೂ ಹೊಸ ಚಿಂತೆಯೇ ಎಂದರು.

“ಹೌದು,” ಎಂದೆ. “ಬರುವ ವಾರ ನಮ್ಮ ಹುಡುಗಿಗೆ ಪರೀಕ್ಷೆ ಇದೆ.”

ಅವರು ಮಾತ್ರೆ ಬರೆದುಕೊಟ್ಟರು.