ಬೈರಾಸಿನಡಿಯಲ್ಲಿ ಸಿಕ್ಕ ಮನೆ

ಚೆಂಬೂರಿನ ಈ ಎರಡು ಕೋಣೆ, ಒಂದು ಅಡುಗೆಮನೆಗೆ ನಾನು ಕೊಟ್ಟ ಪಗಡಿ ಸಾವಿರದ ಆರುನೂರು ರೂಪಾಯಿ. ಅದರಲ್ಲಿ ಸಾವಿರದ ಐನೂರು ನನ್ನ ತೀರ್ಮಾನ. ಮೇಲಿನ ನೂರು ಆಗ ನಾಲ್ಕು ವರ್ಷದವಳಾಗಿದ್ದ ನನ್ನ ಮಗಳದು. ಪಗಡಿ ಎಂದರೇನೆಂದು ಬೊಂಬಾಯಿಯವರಿಗೆ ಹೇಳಬೇಕಾಗಿಲ್ಲ. ಊರಿನಲ್ಲಿ ಕುಳಿತು ಓದುವವರಿಗೆ ಹೇಳುತ್ತೇನೆ: ಬಾಡಿಗೆಮನೆಗೆ ಕಾಲಿಡುವ ಮೊದಲು ಯಜಮಾನನ ಕೈಗೆ ಹಾಕಬೇಕಾದ ಇಡಿಗಂಟು ಅದು. ಬಾಡಿಗೆ ಬೇರೆ. ಪಗಡಿಗೆ ರಸೀದಿ ಇಲ್ಲ. ಸರಕಾರದ ಕಣ್ಣಿನಲ್ಲಿ ನಾನು ಕೊಟ್ಟೂ ಇಲ್ಲ, ಅವರು ತೆಗೆದುಕೊಂಡೂ ಇಲ್ಲ. ಆದರೆ ಕೊಡದೆ ಹೋದರೆ ಈ ಶಹರದಲ್ಲಿ ಪಾರಿವಾಳಕ್ಕೂ ಗೂಡು ಸಿಗುವುದಿಲ್ಲ.

ಆ ನೂರು ರೂಪಾಯಿಯ ವಿಷಯವನ್ನು ನಾನೇ ಬಾಯಿಬಿಟ್ಟು ಹೇಳುತ್ತಿದ್ದೇನೆಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ನಾನು ತೆಂಗಿನಕಾಯಿ ವ್ಯಾಪಾರಿ. ಫೋರ್ಟಿನ ನಮ್ಮವರ ಹೋಟೆಲುಗಳಲ್ಲಿ ಬ್ಯಾಂಕಿನ ಗುಮಾಸ್ತರು ಇಡ್ಲಿಯ ಜೊತೆ ಎರಡೆರಡು ಸಲ ಹಾಕಿಸಿಕೊಳ್ಳುವ ಚಟ್ನಿಯಲ್ಲಿ ಬಹುಪಾಲು ನನ್ನ ಕಾಯಿ. ಹದಿನೈದನೆಯ ವಯಸ್ಸಿಗೆ ಬರಿಗೈಯಲ್ಲಿ ಬಂದು ಇಷ್ಟಾದೆನಲ್ಲ, ಅದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ವಿದ್ಯೆಯಿಂದ ಅರ್ಧ, ಹೇಳಿದ ಬೆಲೆಯನ್ನು ಯಾವತ್ತೂ ಕೊಡದ ಹಟದಿಂದ ಅರ್ಧ. ಮದುವೆಯ ಮುಹೂರ್ತದ ದಕ್ಷಿಣೆಗೂ ನಾನು ಚೌಕಾಸಿ ಮಾಡಿದೆನೆಂದು ನನ್ನ ಹೆಂಡತಿ ರತ್ನ ಎಲ್ಲರೊಡನೆ ಹೇಳಿಕೊಂಡು ಬರುತ್ತಾಳೆ. ಸುಳ್ಳು. ಭಟ್ಟರೇ ಮೊದಲು ಇಳಿಸಿದ್ದು.

ಆಗ ನಮ್ಮ ಬಿಡಾರ ಫೋರ್ಟಿನ ಒಂದು ಗಲ್ಲಿಯಲ್ಲಿ, ಕೆಳಗೆ ಕಾಯಿಯ ಗೋದಾಮು, ಮೇಲೆ ಒಂದೇ ಕೋಣೆ. ವ್ಯಾಪಾರಿಗೆ ಅದಕ್ಕಿಂತ ಒಳ್ಳೆಯ ಜಾಗ ಉಂಟೇ? ಮೆಟ್ಟಿಲಿಳಿದರೆ ಅಂಗಡಿ, ಹತ್ತಿದರೆ ಸಂಸಾರ. ಆದರೆ ಕೆಳಗೆ ಕಾಯಿ ಸುಲಿದರೆ ನಾರಿನ ಧೂಳು ನೇರ ಮೇಲಕ್ಕೆ ಬರುತ್ತಿತ್ತು. ಮಗಳು ವಸಂತಿಗೆ ಉಸಿರಾಟದ ತೊಂದರೆ ಸುರುವಾಯಿತು. ಉಸಿರು ಎಳೆದಾಗಲೆಲ್ಲ ಎದೆಯೊಳಗಿಂದ ಸಣ್ಣ ಸೀಟಿ. ರತ್ನ ಅವಳನ್ನು ಹೆಗಲಿಗೆ ಒರಗಿಸಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಆ ಕಿಟಕಿಯ ಎದುರಿಗೆ ಇನ್ನೊಂದು ಗೋದಾಮಿನ ಗೋಡೆ. ಗಾಳಿಯಾದರೂ ಎಲ್ಲಿಂದ ಬರಬೇಕು? ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ನೋಡಿ, "ಔಷಧಿ ನಾನು ಕೊಡ್ತೇನೆ, ಗಾಳಿ ನೀವು ಕೊಡಬೇಕು" ಎಂದುಬಿಟ್ಟರು.

ಗಾಳಿಯ ಮಾತು ಬಂದದ್ದೇ ತಡ, ನಮ್ಮವರೆಲ್ಲರ ಬಾಯಲ್ಲಿ ಒಂದೇ ಉತ್ತರ: ಊರಿಗೆ ಕಳಿಸು. ನನ್ನ ಸೋದರಮಾವ ಶೀನಪ್ಪನವರು ಮೂವತ್ತು ವರ್ಷ ಹೋಟೆಲು ನಡೆಸಿದವರು, ಅವರು ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಹೇಳಿದರು: "ಹೆಂಡತಿ ಮಕ್ಕಳನ್ನು ಬೊಂಬಾಯಲ್ಲಿ ಇಟ್ಟುಕೊಳ್ಳುದು ಅಂದ್ರೆ ಗಲ್ಲಾಪೆಟ್ಟಿಗೆಗೆ ಓಟೆ ಕೊರೆದು ಇಟ್ಟ ಹಾಗೆ ಮಾರಾಯ. ಊರಲ್ಲಿ ಗಾಳಿಗೆ ಪಗಡಿ ಉಂಟಾ? ವರ್ಷಕ್ಕೊಂದು ಸಲ ಹೋಗು, ಬಾ. ನಾವೆಲ್ಲ ಬದುಕಲಿಲ್ವಾ?"

ಬದುಕಿದರು, ಸರಿ. ನನ್ನ ತಂದೆಯೂ ಹಾಗೆಯೇ ಬದುಕಿದರು. ಅವರು ಬೊಂಬಾಯಿಯಿಂದ ಬರುತ್ತಿದ್ದದ್ದು ಮಳೆ ಹಿಡಿಯುವ ಮೊದಲು, ಕಡಲ ದಾರಿಯಲ್ಲಿ, ಆಗಬೋಟಿನಲ್ಲಿ. ಟ್ರಂಕಿನಲ್ಲಿ ಬಿಸ್ಕುಟಿನ ಡಬ್ಬ, ಅಮ್ಮನಿಗೆ ಸೀರೆ, ನನಗೆ ಯಾವಾಗಲೂ ಒಂದು ಅಳತೆ ಸಣ್ಣದಾದ ಅಂಗಿ, ಏಕೆಂದರೆ ಅವರ ಲೆಕ್ಕದಲ್ಲಿ ನಾನು ಹೋದ ವರ್ಷದಷ್ಟೇ ಇದ್ದೆ. ಒಂದು ಸಲ ನಾನು ಅಕ್ಕಿಮುಡಿಯ ಹಿಂದೆ ಅಡಗಿ, "ಅಮ್ಮಾ, ಯಾರೋ ಬಂದಿದ್ದಾರೆ" ಎಂದೆನಂತೆ. ಎಲ್ಲರೂ ನಕ್ಕರಂತೆ, ತಂದೆಯೂ ನಕ್ಕರಂತೆ. ಅವರ ಪರಿಚಯವಾಗಿ, ಬೆನ್ನ ಮೇಲೆ ಹತ್ತುವಷ್ಟು ಸಲಿಗೆ ಬರುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತಿತ್ತು. ಅವತ್ತಿನ ಆ ನಗು ಅವರ ಬಾಯಿಗೆ ಎಷ್ಟು ಕಹಿಯಾಗಿದ್ದಿರಬಹುದೆಂದು ನನಗೆ ಹೊಳೆದದ್ದು ಮಗಳು ಹುಟ್ಟಿದ ಮೇಲೆ.

ಹಾಗಾಗಿ ಮಾವನಿಗೆ ಎದುರಾಡದೆ, ಊರಿಗೂ ಕಳಿಸದೆ, ನಾನು ಮನೆ ಹುಡುಕಲು ಹೊರಟೆ. ನಮ್ಮ ಹಿರಿಯರು ಮನೆ ಕಟ್ಟುವ ಶಾಸ್ತ್ರವನ್ನೇನು ಕಡಿಮೆ ಬರೆದಿಟ್ಟಿದ್ದಾರೆಯೇ? ಬಾವಿ ಈಶಾನ್ಯಕ್ಕೆ, ಒಲೆ ಆಗ್ನೇಯಕ್ಕೆ, ಮಲಗುವಾಗ ತಲೆ ಉತ್ತರಕ್ಕೆ ಬೇಡ. ಆದರೆ ಸ್ಟೇಶನ್ ಯಾವ ದಿಕ್ಕಿಗಿರಬೇಕು, ಎಷ್ಟು ದೂರ ಇರಬೇಕು ಎಂಬುದನ್ನು ಒಬ್ಬರೂ ಬರೆಯಲಿಲ್ಲ. ಪಾಪ, ಅವರೆಲ್ಲ ಮನೆಯ ಎದುರಿನ ಗದ್ದೆಗೆ ಕೆಲಸಕ್ಕೆ ಹೋಗುತ್ತಿದ್ದವರು.

ಮೊದಲು ಸಿಕ್ಕಿದ್ದು ಪವಾಯಿ. ಪರಿಚಯದ ಕಾಫಿಪುಡಿ ವ್ಯಾಪಾರಿಯೊಬ್ಬರು ಕೆರೆಯ ದಡದಲ್ಲಿ ತಮ್ಮದೊಂದು ಮನೆ ಉಂಟೆಂದು ನಮ್ಮ ಕೋಣೆಗೇ ಬಂದು ವರ್ಣಿಸಿದರು. "ಗಾಳಿ ಅಂದ್ರೆ ಗಾಳಿ! ಹೊದ್ದುಕೊಳ್ಳದೆ ಮಲಗಲಿಕ್ಕೆ ಆಗುದಿಲ್ಲ!" ನಾನು ನೆರೆಹೊರೆ ಹೇಗೆಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಕತ್ತಲಾದ ಮೇಲೆ ಚಿರತೆ ನೀರಿಗೆ ಬರ್ತದೆ. ಅದರ ಪಾಡಿಗೆ ಅದು ಹೋಗ್ತದೆ, ಯಾರ ತಂಟೆಗೂ ಬರುದಿಲ್ಲ" ಎಂದರು. ಒಲೆಯ ಹತ್ತಿರ ಕುಳಿತಿದ್ದ ರತ್ನ ತಿರುಗದೆಯೇ ಕೇಳಿದಳು: "ಅದರ ಹತ್ರ ಪಗಡಿ ಎಷ್ಟು ತಗೊಂಡಿದ್ದೀರಿ?" ಪವಾಯಿ ಅಲ್ಲಿಗೇ ಮುಗಿಯಿತು.

ಆಮೇಲೆ ಡೊಂಬಿವಿಲಿ. ಇದನ್ನು ನಾನು ಇವತ್ತಿಗೂ ನನ್ನ ಜೀವಮಾನದ ಅತ್ಯುತ್ತಮ ಚೌಕಾಸಿ ಎಂದೇ ಹೇಳುತ್ತೇನೆ. ಮೂರು ಕೋಣೆ, ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕ ಕಾಯಿ ಬಿಟ್ಟ ನುಗ್ಗೆಮರ. ಎಂಟುನೂರು ಹೇಳಿದ್ದನ್ನು ಆರುನೂರಕ್ಕೆ ಇಳಿಸಿದೆ. ಮೇಲಿಂದ ನುಗ್ಗೆಕಾಯಿ ನಮಗೇ ಎಂದು ಬಾಯಿಮಾತಿನ ಒಪ್ಪಂದ. ಗೆದ್ದ ಉಮೇದಿನಲ್ಲಿ ದಾರಿಯಲ್ಲಿ ಪೇಡಾ ಕಟ್ಟಿಸಿಕೊಂಡು ಬಂದು ರತ್ನಳ ಮುಂದಿಟ್ಟೆ.

ಅವಳು ಪೇಡಾ ಮುಟ್ಟಲಿಲ್ಲ. "ನೀವು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ಬೇಕು ಅಲ್ಲಿಂದ?" ಎಂದಳು.

ಹೋಟೆಲಿನ ರುಬ್ಬುವ ಕಲ್ಲು ತಿರುಗುವ ಮೊದಲೇ ಕಾಯಿ ಮುಟ್ಟಬೇಕು. ಡೊಂಬಿವಿಲಿಯಿಂದ ಫೋರ್ಟಿಗೆ ರೈಲಿನಲ್ಲಿ ಗಂಟೆಗೂ ಮೇಲೆ, ಮೊದಲನೆಯ ಗಾಡಿ ಹಿಡಿಯಬೇಕಾಗುತ್ತದೆ ಎಂದೆ.

"ಬರುದು?"

ರಾತ್ರಿ ಹೋಟೆಲು ಮುಚ್ಚುವಾಗ ಮರುದಿನದ ಬೇಡಿಕೆ ಕೇಳಿಕೊಂಡು, ಬೋರಿಬಂದರ ಸ್ಟೇಶನ್ನಿಗೆ ನಡೆದು, ಗಾಡಿ ಹಿಡಿದು...

ಅವಳು ಮಗಳ ಕೂದಲು ಬಾಚುತ್ತಿದ್ದಳು; ಬಾಚಣಿಗೆ ನಿಲ್ಲಿಸದೆ ಹೇಳಿದಳು: "ಹಾಗಾದ್ರೆ ನಮ್ಮನ್ನು ಊರಿಗೇ ಕಳಿಸಿಬಿಡಿ. ಅಪ್ಪ ಎಲ್ಲಿ ಅಂತ ಇವಳು ಕೇಳಿದ್ರೆ ಅಲ್ಲಿಯಾದ್ರೆ ಬೊಂಬಾಯಲ್ಲಿ ಅಂತ ಹೇಳಬಹುದು. ಡೊಂಬಿವಿಲಿಯಲ್ಲಿ ಎಂತ ಹೇಳುದು?"

ನೋಡಿ, ನಾನು ಬಂದರಿನ ದಲ್ಲಾಳಿಗಳನ್ನು ಮಾತಿನಲ್ಲಿ ಕಟ್ಟಿಹಾಕಿದವನು. ಇವಳ ಪ್ರಶ್ನೆಗೆ ಮಾತ್ರ ಪೇಡಾದ ಪೊಟ್ಟಣವನ್ನು ಮೆಲ್ಲಗೆ ಮೂಲೆಗೆ ಸರಿಸಿದೆ. ಅವತ್ತು ರಾತ್ರಿ ಪೇಡಾ ಇರುವೆಯ ಪಾಲಾಯಿತು, ನುಗ್ಗೆಮರ ಇನ್ಯಾರದೋ ಪಾಲಾಯಿತು.

ಚೆಂಬೂರಿನ ಮನೆಯ ಸುದ್ದಿ ಬಂದದ್ದು ಮಳೆಗಾಲಕ್ಕೆ ತಿಂಗಳಿರುವಾಗ. ಮಳೆ ಹಿಡಿದರೆ ನಮ್ಮ ಗೋದಾಮಿನಲ್ಲಿ ಧೂಳಿನ ಜೊತೆಗೆ ಬೂಷ್ಟೂ ಸೇರುತ್ತದೆ. ಅಷ್ಟರೊಳಗೆ ಮನೆ ಸಿಗದಿದ್ದರೆ ತಾಯಿ ಮಗಳಿಬ್ಬರನ್ನೂ ಊರಿನ ಆಗಬೋಟಿಗೆ ಹತ್ತಿಸುವುದೇ ಎಂದು ಡಾಕ್ಟರೂ ಮಾವನೂ ಸೇರಿ ತೀರ್ಪು ಕೊಟ್ಟಾಗಿತ್ತು. ಮನೆಯ ಯಜಮಾನರು ಕಛ್‌ನ ಕಡೆಯ ಒಬ್ಬ ಮುದಿ ಸೇಠರು, ಕೊಬ್ಬರಿ ವ್ಯಾಪಾರದಲ್ಲಿ ದುಡಿದು ಎರಡು ಮಾಳಿಗೆಯ ಬಿಲ್ಡಿಂಗು ಕಟ್ಟಿಸಿದವರು. ಕೊಬ್ಬರಿಯವರೂ ತೆಂಗಿನಕಾಯಿಯವರೂ ದಾಯಾದಿಗಳಿದ್ದ ಹಾಗೆ. ಒಬ್ಬರ ಯುಕ್ತಿ ಇನ್ನೊಬ್ಬರಿಗೆ ಗೊತ್ತು. ಅದಕ್ಕೇ ನಾನು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದೆ. ನಮ್ಮ ಕಸುಬಿನಲ್ಲಿ ಸರಕು ನೋಡಲು ಇಬ್ಬರು ಹೋಗಬೇಕು; ಒಬ್ಬ ಬೆಲೆ ಮಾತಾಡಲಿಕ್ಕೆ, ಒಬ್ಬ ಹಳಿಯಲಿಕ್ಕೆ. "ಏನು ನೋಡಿದರೂ ಮುಖ ಗಂಟು ಹಾಕಿಕೊಂಡೇ ಇರು" ಎಂದು ಗಾಡಿಯಲ್ಲಿ ಇಡೀ ದಾರಿ ಪಾಠ ಹೇಳಿದ್ದೆ.

ಅವಳು ಪಾಠವನ್ನು ಚೆನ್ನಾಗಿಯೇ ಒಪ್ಪಿಸಿದಳು. ಅಡುಗೆಮನೆಯಲ್ಲಿ ಹೊಗೆ ಹೋಗುವುದು ಎಲ್ಲಿಂದ ಎಂದಳು. ನಲ್ಲಿಯನ್ನು ತಿರುಗಿಸಿ ಮೂಗು ಮುರಿದಳು. ಇಷ್ಟು ಸಣ್ಣ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸುವುದೋ ಮನುಷ್ಯರು ನಿಲ್ಲುವುದೋ ಎಂದಳು. ಸೇಠರ ಮುಖ ಬಾಡುತ್ತ ಬಂತು. ನಾನು ಮನಸ್ಸಿನಲ್ಲೇ ಇನ್ನೂರು ಇಳಿಸಿಕೊಂಡೆ.

ಅಷ್ಟರಲ್ಲಿ ಕೆಳಗಿನ ಅಂಗಳದಿಂದ ವಸಂತಿಯ ಕೇಕೆ. ಬಿಲ್ಡಿಂಗಿನ ಮಕ್ಕಳ ಜೊತೆ ಅವಳು ಓಡುತ್ತಿದ್ದಳು. ನಮ್ಮ ಗಲ್ಲಿಯಲ್ಲಿ ಕೈಗಾಡಿಗಳ ನಡುವೆ ಅವಳನ್ನು ನಾವು ಓಡಲು ಬಿಟ್ಟದ್ದೇ ಇಲ್ಲ. ಓಡಿ ಓಡಿ ಸುಸ್ತಾಗಿ ಮೇಲೆ ಬಂದು ತಾಯಿಯ ಸೆರಗು ಹಿಡಿದು ನಿಂತಳು. ಏದುಸಿರು ಬಿಡುತ್ತಿದ್ದಳು, ಮುಖ ಕೆಂಪಾಗಿತ್ತು. ರತ್ನ ಬಗ್ಗಿ ಅವಳ ಎದೆಗೆ ಕಿವಿ ಇಟ್ಟಳು. ಮತ್ತೆ ಇನ್ನೊಮ್ಮೆ ಇಟ್ಟಳು. ಸೀಟಿ ಇರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಾಗ ಆ ಗಂಟು ಹಾಕಿದ ಮುಖ ಎಲ್ಲಿ ಹೋಗಿತ್ತೋ! ಸೇಠರು ಕನ್ನಡಕ ಸರಿಮಾಡಿಕೊಂಡು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತು "ಆಯಿಯೇ, ಬೈಠಿಯೇ" ಎಂದು ಬಹಳ ಮರ್ಯಾದೆಯಿಂದ ಚಾಪೆ ಹಾಸಿದರು. ನನ್ನ ಇನ್ನೂರು ಅಲ್ಲಿಗೇ ಹೋಯಿತು.

ಹಳೆಯ ಪೇಟೆಯವರು ಬೆಲೆಯನ್ನು ಬಾಯಿಯಲ್ಲಿ ಹೇಳುವುದಿಲ್ಲ. ಅಕ್ಕಪಕ್ಕದವರಿಗೆ ತಿಳಿಯಬಾರದೆಂದು ಇಬ್ಬರ ಕೈಯ ಮೇಲೂ ಒಂದು ವಸ್ತ್ರ ಮುಚ್ಚಿ, ಅದರಡಿಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಎದುರಿನವನ ಎಷ್ಟು ಬೆರಳು ಹಿಡಿದರೋ ಅಷ್ಟು ನೂರು; ಇಡೀ ಅಂಗೈ ಹಿಡಿದರೆ ಐನೂರು. ಪಗಡಿಯಂಥ ರಸೀದಿ ಇಲ್ಲದ ಬಾಬ್ತಿಗೆ ಇದಕ್ಕಿಂತ ತಕ್ಕ ರೀತಿ ಇಲ್ಲ. ನನ್ನ ಹೆಗಲ ಮೇಲಿನ ಬೈರಾಸನ್ನೇ, ಅಂದರೆ ಟವೆಲನ್ನೇ, ಮುಚ್ಚಿದೆವು. "ಏಕ್ ಹಜಾರ್ ಕೇ ಊಪರ್" ಎಂದರು ಸೇಠರು, ಸಾವಿರದ ಮೇಲೆ ಎಷ್ಟು ಎಂಬುದು ಮಾತ್ರ ಬೆರಳಿಗೆ. ಅವರು ಅಂಗೈ ಹಿಡಿದು ಮತ್ತೆ ಮೂರು ಬೆರಳು ಹಿಡಿದರು. ನಾನು ಎರಡು ಬೆರಳು. ಅವರು ಸ್ವಲ್ಪ ಇಳಿದರು, ನಾನು ಸ್ವಲ್ಪ ಏರಿದೆ. ಕೊನೆಗೆ ನಾನು ಅಂಗೈ ಹಿಡಿದು ನಿಲ್ಲಿಸಿದೆ: ಸಾವಿರದ ಐನೂರು, ಒಂದು ಬೆರಳೂ ಹೆಚ್ಚಿಲ್ಲ. ಅವರು ತಲೆಯಾಡಿಸಿದರು. ನಾನೂ ಆಡಿಸಿದೆ. ಇಂಥ ಹೊತ್ತಿನಲ್ಲಿ ಎದ್ದು ಚಪ್ಪಲಿ ಮೆಟ್ಟುವುದು ನಮ್ಮ ಕ್ರಮ. ಎಂಟು ದಿನ ಬಿಟ್ಟು ಬಂದರೆ ಸರಕು ತಾನಾಗಿ ಇಳಿದಿರುತ್ತದೆ. ನಾನು ಏಳಲು ಒಂದು ಕೈ ಊರಿದ್ದೆ. ರತ್ನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ನನ್ನ ತೊಡೆಯ ಮೇಲೆ ಬಂದು ಕುಳಿತಿದ್ದ ವಸಂತಿಗೆ ಮಾತ್ರ ಅಪ್ಪನೂ ಸೇಠಜ್ಜನೂ ಬೈರಾಸಿನಡಿಯಲ್ಲಿ ಏನನ್ನೋ ಅಡಗಿಸಿಟ್ಟಿದ್ದಾರೆಂಬ ಗುಮಾನಿ. ಪೆಪ್ಪರಮೆಂಟು ಇರಬೇಕೆಂದುಕೊಂಡಳೋ ಏನೋ, ಥಟ್ಟನೆ ಒಳಗೆ ಕೈ ತೂರಿಸಿದಳು. ಸಿಕ್ಕಿದ್ದು ಸೇಠರ ಒಂದು ಬೆರಳು. ಅದನ್ನೇ ಬಿಗಿಯಾಗಿ ಹಿಡಿದುಕೊಂಡಳು.

ಸೇಠರ ಹೊಟ್ಟೆ ಮೊದಲು ನಕ್ಕಿತು, ಮೀಸೆ ಆಮೇಲೆ. "ಪಾಂಚ್ ಬಾಪ್ ಕಾ, ಏಕ್ ಬೇಟೀ ಕಾ! ಹೋ ಗಯಾ ಸೌದಾ!" ಅಪ್ಪನದು ಐದು, ಮಗಳದು ಒಂದು, ವ್ಯಾಪಾರ ಮುಗಿಯಿತು. ಬೈರಾಸಿನಡಿ ಹಿಡಿದ ಬೆರಳನ್ನು ಹಿಂತೆಗೆಯುವ ಪದ್ಧತಿ ಪೇಟೆಯಲ್ಲಿ ಇಲ್ಲ. ನಾನು ಬಾಯಿ ತೆರೆದೆ. ಬಾಗಿಲಿನಿಂದ ರತ್ನ, "ಇನ್ನು ಎಂತದೂ ಮಾತಾಡ್ಬೇಡಿ ಮಾರಾಯ್ರೆ, ನಿಮ್ಮ ದಮ್ಮಯ್ಯ" ಎಂದಳು. ನಾನು ಬಾಯಿ ಮುಚ್ಚಿದೆ. ಈಗ ಯೋಚಿಸಿದರೆ ಅವತ್ತು ಎದ್ದು ಹೋಗಿ ಎಂಟು ದಿನ ಕಾಯುವಷ್ಟು ಉಸಿರು ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ. ನನಗೊಬ್ಬನಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಇಲ್ಲಿಗೆ ಬಂದು ಎರಡು ಮಳೆಗಾಲ ಕಳೆದವು. ಎಲ್ಲವೂ ಸುಖಾಂತ ಎಂದು ಹೇಳಿ ನಿಮ್ಮನ್ನು ಮರುಳುಮಾಡುವುದಿಲ್ಲ. ಮೋಡ ಕಟ್ಟಿದ ದಿನ ವಸಂತಿಯ ಸೀಟಿ ಒಮ್ಮೊಮ್ಮೆ ಬರುತ್ತದೆ, ಹೋಗುತ್ತದೆ. ಆಚೆ ಕಡೆ ಎಣ್ಣೆ ಕಾರ್ಖಾನೆಯ ಚಿಮಣಿಗಳು ಏಳುತ್ತಿವೆ. ಮುಂದೆ ಇಲ್ಲಿಯ ಗಾಳಿ ಹೇಗಿರುತ್ತದೋ ನಾನು ಹೇಳಲಾರೆ. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಬೇಕೆಂದು ರಾತ್ರಿ ತಡವಾಗಿ ಬೇಡಿಕೆ ಹೇಳುವ ಎರಡು ಹೋಟೆಲುಗಳನ್ನು ಬಿಟ್ಟುಕೊಟ್ಟೆ. ಅದರಲ್ಲಿ ಒಂದು ಶೀನಪ್ಪ ಮಾವನದು. ಅವರು ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಮೊನ್ನೆ ಒಂದು ಭಾನುವಾರ ತಾವಾಗಿಯೇ ಬಂದು, ಮಧ್ಯಾಹ್ನ ಉಂಡು, ಸಂಜೆಯವರೆಗೂ ಬಾಲ್ಕನಿಯಲ್ಲಿ ಕೂತು ಮಕ್ಕಳ ಆಟ ನೋಡಿದರು. ಹೊರಡುವಾಗ, "ನನ್ನ ದೊಡ್ಡವನು ಓಡಲಿಕ್ಕೆ ಕಲಿತದ್ದು ಯಾವಾಗ ಅಂತ ನಂಗೆ ಗೊತ್ತೇ ಇಲ್ಲ ನೋಡು" ಎಂದರು. ಆಮೇಲೆ ಕಾಯಿಯ ದರ ಕೇಳಿದರು.

ನೀವೂ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕುತ್ತಿದ್ದರೆ, ಕೇಳದೆಯೇ ಒಂದು ಸಲಹೆ ಕೊಡುತ್ತೇನೆ, ಇದಕ್ಕೆ ದಲ್ಲಾಳಿಯ ಕಮಿಶನ್ ಬೇಡ. ಭಾನುವಾರ ಬೆಳಿಗ್ಗೆ ಸ್ನಾನಮಾಡಿ ಇಸ್ತ್ರಿಯ ಅಂಗಿ ಹಾಕಿಕೊಂಡು ಮನೆ ನೋಡಲು ಹೋಗಬೇಡಿ. ಭಾನುವಾರ ಎಲ್ಲ ಊರೂ ಹತ್ತಿರ, ಎಲ್ಲ ಮನೆಯೂ ಚಂದ. ಕೆಲಸದ ದಿನ, ನಿಮ್ಮ ಅಂಗಡಿಯೋ ಆಫೀಸೋ ಮುಚ್ಚಿದ ಮೇಲೆ, ದಿನವೂ ಹಿಡಿಯಬೇಕಾದ ಅದೇ ಲೋಕಲ್ ಹಿಡಿದು, ಕಂಬಕ್ಕೆ ಜೋತುಬಿದ್ದು ಹೋಗಿ. ಸ್ಟೇಶನ್ನಿನಿಂದ ನಿಮ್ಮ ಸುಸ್ತಿನ ಕಾಲಿನಲ್ಲೇ ನಡೆಯಿರಿ. ಆ ಬೀದಿ ಮುಟ್ಟುವಾಗ ಬಾಗಿಲುಗಳೆಲ್ಲ ಮುಚ್ಚಿದ್ದರೆ, ನುಗ್ಗೆಮರವಲ್ಲ, ತೆಂಗಿನ ತೋಟವನ್ನೇ ಕೊಡುತ್ತೇನೆಂದರೂ ಹಿಂದಿರುಗಿ ಬನ್ನಿ. ಮಕ್ಕಳು ಇನ್ನೂ ಹೊರಗೆ ಆಡುತ್ತಿದ್ದರೆ ಒಂದು ಗಳಿಗೆ ನಿಲ್ಲಿ. ಅವರಲ್ಲಿ ಯಾವುದಾದರೂ ಒಂದು ಮಗು ಆಟವನ್ನು ನಡುವೆಯೇ ಬಿಟ್ಟು, ದುಡಿದು ಬರುತ್ತಿರುವ ಯಾರದೋ ಕೈಯ ಚೀಲ ಹಿಡಿಯಲು ಓಡುವುದು ಕಂಡಿತೋ, ಮತ್ತೆ ಚೌಕಾಸಿ ಮಾಡುತ್ತ ನಿಲ್ಲಬೇಡಿ.